ಹಿಡಿ ಸಡಿಲಿದ ಚಾಕು

ತೋರಣಗಲ್ಲಿನ ಕ್ಯಾಂಟೀನಿನಲ್ಲಿ
ಜಪಾನಿನ ಇಂಜಿನಿಯರು ಹೊರಡುವಾಗ
ನನ್ನ ಕೈಗಿತ್ತ ಚಾಕು.
ತಾಗಿದ್ದೇ ತಿಳಿಯುತ್ತಿರಲಿಲ್ಲ
ಈರುಳ್ಳಿಗೆ, ನನ್ನ ಬೆರಳಿಗೂ.

ಹಿಡಿ ಸಡಿಲಿತು. ಸಂಡೂರಿಗೆ ಒಯ್ದೆ.
ಕಮ್ಮಾರ ಮೌನೇಶಪ್ಪ ಉಗುರಲ್ಲಿ ಮೀಟಿ
ಕಿವಿಗೆ ಹಿಡಿದ:
‘ಹೂರಣದಂಗ ಒಳಗ ಉಕ್ಕು,
ಎರಡೂ ಮಗ್ಗಲಿಗೆ ಮೆತ್ತನ್ನ ಕಬ್ಬಿಣ.
ಹೋಳಿಗೀನ ಮಾಡ್ಯಾನ ನೋಡು!’
ಬುಡದಲ್ಲಿ ಕೊರೆದಿದ್ದ ಹೆಸರು
ನಮಗ್ಯಾರಿಗೂ ಓದಲು ಬರದ್ದು.

ತಿದಿ ಬಿಟ್ಟೆದ್ದು ಬಂದಳು ಪಂಪಮ್ಮ,
ಮೂವತ್ತು ವರ್ಷ ಗಂಡನೆದುರು
ಚಮ್ಮಟಿಗೆ ಎತ್ತಿದವಳು.
ಅಲಗಿನ ತಗ್ಗುಗಳ ಮೇಲೆ ಹೆಬ್ಬೆರಳಾಡಿಸುತ್ತ
ಒಂದು ಕಡೆ ತಡೆದಳು.
‘ಇಲ್ಲಿ ತೋಳು ಸೋತೈತಿ,
ಎದುರಿಗೆ ನಿಂತಾಕೀದು.’

‘ಆಕಿ ಅಂತ ಹೆಂಗ ಗೊತ್ತು?’
ನಕ್ಕ ಮೌನೇಶಪ್ಪ.

ಜಾಲಿಯ ತುಂಡು ಹುಡುಕಿ ತಂದು
ನನ್ನ ಮುಷ್ಟಿ ಹಿಡಿದು
ಅಳತೆ ನೋಡಿದಳು ಪಂಪಮ್ಮ.