ಗೆರೆಯ ಆಚೆ ಒಲೆ

ನಕ್ಷೆಯ ಮೇಲೆ ಆ ನೀಲಿ ಗೆರೆ ಎಳೆದವಳು ನಾನೇ.
ಕಾರ್ಬೆರಿ ಕೌನ್ಸಿಲ್ ಕಚೇರಿ, ಎರಡನೆಯ ಮಹಡಿ,
ಏಸಿ ಕೆಟ್ಟಿದ್ದ ಒಂದು ಜನವರಿ ಮಧ್ಯಾಹ್ನ.
ಇಲ್ಲಿಯವರೆಗೆ ನದಿ, ಇಲ್ಲಿಂದ ಮನೆ, ಎಂದು
ಮೌಸನ್ನು ಹಗುರಾಗಿ ಸರಿಸಿದೆ.
ಪಕ್ಕದಲ್ಲಿ ಬರೆದೆ: ನೂರು ವರ್ಷಕ್ಕೊಮ್ಮೆ.

ಡಲ್ಸಿ ಹ್ಯಾನಿಗನ್ ಬಂದಳು, ಎಪ್ಪತ್ತೊಂದು ವರ್ಷ,
ಕೈಯಲ್ಲಿ ನನ್ನದೇ ನಕ್ಷೆ, ಮೇಲೆ ಟೀ ಲೋಟದ ಉಂಗುರ.
"ನಿನ್ನ ಗೆರೆ ನನ್ನ ಮನೆಯೊಳಗೇ ಹಾದಿದೆ ಕಣಮ್ಮ.
ಒಲೆ ಮುಳುಗುತ್ತದಂತೆ, ಮಂಚ ಮುಳುಗುವುದಿಲ್ಲವಂತೆ.
ನೀರಿಗೆ ಇದನ್ನು ಓದಿ ಹೇಳುವವರು ಯಾರು?"

ನೂರು ವರ್ಷ ಎಂದರೆ ನೂರು ವರ್ಷವಲ್ಲ, ಎಂದೆ.
ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವ.
"ಹಾಗಾದರೆ ಐದು ವರ್ಷದಲ್ಲಿ
ಎರಡು ಸಲ ಲಾಟರಿ ಹೊಡೆದಿದೆ ನನಗೆ," ಎಂದಳು.

ಮೂರನೆಯದು ಫೆಬ್ರವರಿಯಲ್ಲಿ ಹೊಡೆಯಿತು.
ರಸ್ತೆ ಮುಳುಗಿದ್ದು ಎರಡು ಗಂಟೆಗೆ.
'ಈಗಲೇ ಹೊರಡಿ' ಎಂಬ ಸಂದೇಶ
ಎಲ್ಲರ ಫೋನಿಗೆ ಬಂದದ್ದು ನಾಲ್ಕೂ ಹತ್ತಕ್ಕೆ.
ಮೂರು ಸಹಿ ಬೇಕಿತ್ತು ಅದಕ್ಕೆ. ಒಂದು ನನ್ನದು.

ಬ್ಲೂಬೆರಿ ತೋಟದ ಗುರ್ನೇಕ್, ಮೀನು ಹಿಡಿಯುವ ತಗಡಿನ ದೋಣಿಯಲ್ಲಿ,
ಟಿವಿ ಆಂಟೆನಾಗಳನ್ನು ಎಣಿಸುತ್ತ ಬೀದಿ ಗುರುತಿಸಿದ.
ಡಲ್ಸಿ ಛಾವಣಿಯ ನೆತ್ತಿಯಲ್ಲಿ ಕೂತಿದ್ದಳು,
ಮಡಿಲಲ್ಲಿ ಫ್ರಿಜ್ಜಿನ ಒಂದು ಡಬ್ಬಿ, ಅದರೊಳಗೆ ಇನ್ಸುಲಿನ್.
"ಮಂಚವೂ ಮುಳುಗಿತು, ಅವಳಿಗೆ ಹೇಳು"
ದೋಣಿ ಹತ್ತುವಾಗ ಇಷ್ಟೇ ಅಂದಳಂತೆ.

ಹೊಳೆ ದಾಟಿದ ಮೇಲೆ ಅಂಬಿಗ ಯಾರೋ.
ಬಜೆಟ್ಟಿನಲ್ಲಿ ದೋಣಿಗಳ ಸಾಲನ್ನು ಅಳಿಸಿದರು,
ಪ್ರಶಸ್ತಿಪತ್ರಗಳಿಗೆ ಚೌಕಟ್ಟು ಹಾಕಿಸಿದರು.

ನನ್ನ ಮೇಜಿಗೆ ಹೊಸ ಕಡತ ಬಂತು:
ಎರಡು ಸಾವಿರದ ನಾನೂರು ಮನೆ, ಇಪ್ಪತ್ತು ವರ್ಷದೊಳಗೆ.
ಇದು ಬರೀ ಅಂಕಿಯಲ್ಲ ನನಗೆ. ತಂಗಿ ಟಾಮ್ಸಿನ್,
ಎರಡು ಮಕ್ಕಳು, ಜಾನುವಾರು ಪ್ರದರ್ಶನದ ಮೈದಾನದಲ್ಲಿ ಕ್ಯಾರವಾನು,
ಹದಿನಾಲ್ಕು ತಿಂಗಳು. ಸ್ನಾನಕ್ಕೆ ನಾಣ್ಯ ಹಾಕಬೇಕು.
ಬಿಲ್ಡರು ಹೇಳಿದ: ಕಬ್ಬಿನ ಗದ್ದೆಗೆ ಎರಡು ಮೀಟರ್ ಮಣ್ಣು ಸುರಿದರೆ
ಗೆರೆಯಿಂದ ಮೇಲೆ ಬರುತ್ತದೆ. ಬರುತ್ತದೆ, ನಿಜ.
ಆ ಗದ್ದೆಯಲ್ಲಿ ಮಲಗುತ್ತಿದ್ದ ನೀರು ಎಲ್ಲಿಗೆ ಹೋಗುತ್ತದೆ?
ಕಂಪ್ಯೂಟರ್ ಹೇಳಿತು: ದಕ್ಷಿಣ ಬೀದಿಗೆ, ಹನ್ನೊಂದು ಸೆಂಟಿಮೀಟರ್.
ಸ್ಕೇಲ್ ತೆಗೆದು ಅಳೆದೆ. ನನ್ನ ಅಂಗೈಯಷ್ಟು.
ಅಷ್ಟು ನೀರಿನಲ್ಲಿ ಮೂಗು ಮುಳುಗುತ್ತದೆ.

ಸಭೆಯಲ್ಲಿ ಗುರ್ನೇಕ್ ಕೇಳಿದ್ದು ಒಂದೇ ಪ್ರಶ್ನೆ:
"ಇಷ್ಟು ಮನೆ, ಮನೆಗೆರಡು ಕಾರು, ಊರಿಗೊಂದೇ ಸೇತುವೆ.
ರಾತ್ರಿ ಎರಡಕ್ಕೆ ಎಲ್ಲರೂ ಒಟ್ಟಿಗೆ ಹೊರಟರೆ
ಕೊನೆಯ ಕಾರು ಯಾವ ದಿನ ದಾಟುತ್ತದೆ?"
ಯಾರೂ ಕೆಮ್ಮಲಿಲ್ಲ.
ಒಂದೇ ಮತದಿಂದ ಗದ್ದೆ ನದಿಗೆ ಉಳಿಯಿತು.
ಗುಡ್ಡದ ಮೇಲೆ ಒಂಬೈನೂರು ಮನೆಗೆ ಜಾಗ ಸಿಕ್ಕಿತು;
ಉಳಿದ ಸಾವಿರದೈನೂರರ ಮುಂದೆ
ಖಾಲಿ ಚೌಕ ಬಿಟ್ಟಿದ್ದೇನೆ. ಅದರೊಳಗೆಲ್ಲೋ ಟಾಮ್ಸಿನ್ ಇದ್ದಾಳೆ.

ಡಲ್ಸಿಯ ಮನೆ ಮರದ್ದು, ಎತ್ತಿ ಸಾಗಿಸಬಹುದು.
ಇಡಿಯಾಗಿ ರಸ್ತೆಗೆ ಹಿಡಿಸದು, ಎರಡಾಗಿ ಕೊಯ್ಯಬೇಕು.
ಗರಗಸದವನು ಸೀಮೆಸುಣ್ಣದಲ್ಲಿ ಗುರುತು ಹಾಕಿದಾಗ
ನಾನು ಅಲ್ಲೇ ಇದ್ದೆ. ನೋಡಿದೆ. ಸುಮ್ಮನಿದ್ದೆ.
ಹೆಚ್ಚುಕಡಿಮೆ ನನ್ನದೇ ಗೆರೆ.
ಮುಂದಿನ ಲಾರಿಯಲ್ಲಿ ಒಲೆ, ಹಿಂದಿನದರಲ್ಲಿ ಮಂಚ,
ನಡುರಾತ್ರಿ ಗುಡ್ಡ ಹತ್ತಿದವು, ಹಳದಿ ದೀಪ ಮಿಣುಕಿಸುತ್ತ,
ತೆರೆದ ಅಡುಗೆಮನೆಯಲ್ಲಿ ಕೊಕ್ಕೆಗೆ ತೂಗಿದ ಒಂದು ಲೋಟ
ತಿರುವಿಗೊಮ್ಮೆ ಠಣ್ಣೆನ್ನುತ್ತ.

ಈಗ ಎರಡನ್ನೂ ಕೂಡಿಸಿದ್ದಾರೆ. ನೆಲದಲ್ಲಿ ಬೆಸುಗೆಯ ಒಂದು ಏರು.
"ಜೋಪಾನ, ಅಲ್ಲಿ ಎಡವುತ್ತೀ," ಎಂದಳು ಡಲ್ಸಿ.
ಅವಳು ನೋಡದೆಯೇ ದಾಟುತ್ತಾಳೆ, ಕೈಯಲ್ಲಿ ಟೀ ತುಂಬಿದ ಲೋಟ.
ಕೆಳಗೆ ಕಿಟಕಿಯಾಚೆ ಅವಳ ಹಳೆಯ ನಿವೇಶನ, ಹುಲ್ಲು,
ಗಿಡ್ಡ ಕಂಬಗಳ ಮೇಲೆ ಯಾರದೋ ಹಸು ಮೈ ಉಜ್ಜುತ್ತಿದೆ.
"ನಿನ್ನ ತಂಗಿಗೆ ಮನೆ ಸಿಕ್ಕಿತೇ?"
ಇಲ್ಲ, ಎಂದೆ. ಇನ್ನೂ ಇಲ್ಲ.