ಗೌರಿ ದುಃಖ

ಬೆಳಿಗ್ಗೆ ಆರೂಕಾಲು. ಬಲರಾಟ್ ಊರಿನ ಚಳಿ
ಕಿಟಕಿಗೆ ಉಸಿರು ಬಿಟ್ಟುಕೊಂಡು ಕೂತಿದೆ.
ಹದಿನಾಲ್ಕನೇ ಕೋಣೆ: ಮರ್ವಿನ್ ಟ್ರೆಲೋರ್, ಎಂಬತ್ತೊಂಬತ್ತು.
ಎದೆಯ ಬಿಲ್ಲೆಯ ಮೇಲೆ ನಾನು ಬರೀ ಭೂಷಣ,
ಮುಂದಿನ ನಾಗ ಆಫೀಸಿನವರಿಗೆ ಉದ್ದವಾಯಿತಂತೆ.

"ಹುಡುಗಿಯರೆಲ್ಲಿ?" ಅನ್ನುತ್ತಾನೆ ಮುದುಕ, ಗೋಡೆಗೆ ಮುಖ ಹಾಕಿ.
"ಗಂಡಸು ಗಂಡಸನ್ನು ತೊಳೆಯೋದುಂಟೇ?"
ಮೂರು ದಿನದಿಂದ ಇದೇ ರಾಗ. ಮೂರು ದಿನದಿಂದ
ಬೋಗುಣಿಯ ಬಿಸಿನೀರು ಆರಿ ತಣ್ಣಗಾಗುತ್ತಿದೆ,
ಮಡಿಸಿದ ಟವೆಲ್ಲು ಮಡಿಸಿದಂತೆಯೇ ವಾಪಸು.

ನಾನು ವಾದಕ್ಕಿಳಿಯಲಿಲ್ಲ. ನಾನೂ ಸುಳ್ಳುಗಾರನೇ.
ಹಿರಿಯೂರಿನಿಂದ ಭಾವಮೈದ ಫೋನಿನಲ್ಲಿ ಕೇಳಿದರೆ
"ಆಸ್ಪತ್ರೆ ಲೈನು" ಅನ್ನುತ್ತೇನೆ, ತುಸು ಕೆಮ್ಮಿ.
ಕುಂಡಿ ತೊಳೆಯುತ್ತೇನೆಂದು ಹೇಳಿಲ್ಲ,
ಬೆಳ್ಳಿಗೂದಲಿಗೆ ಬೈತಲೆ ತೆಗೆಯುತ್ತೇನೆಂದು,
ಮಿಸೆಸ್ ಪ್ಯಾಸ್ಕೋ ಅವರ ಉಗುರಿಗೆ ಹವಳದ ಬಣ್ಣ ಹಚ್ಚುವಾಗ
ನಾಲಿಗೆ ಕಚ್ಚಿಕೊಂಡಿರುತ್ತೇನೆಂದು
ಹೇಳಿಲ್ಲ. ಇದಕ್ಕೆಲ್ಲ ನಮ್ಮವ್ವನ ಬಾಯಲ್ಲಿ ಇದ್ದದ್ದು ಒಂದೇ ಮಾತು:
ಬಾಣಂತನ.
ಅದನ್ನು ಮಾಡುವ ಗಂಡಸಿಗೆ ಮಾತೇ ಇರಲಿಲ್ಲ.

ಎಂಟು ವರ್ಷದವನಿದ್ದಾಗ ಒಂದು ಕುರಿಮರಿ ಸತ್ತು, ಅತ್ತಿದ್ದೆ.
ಮಗ್ಗದ ಗುಂಡಿಯಿಂದ ಅಪ್ಪ ಕತ್ತೆತ್ತಿ ಅಂದ:
"ಗಂಡಸಿಗ್ಯಾಕೋ ಗೌರಿ ದುಃಖ?"
ಅವತ್ತಿನಿಂದ ಗೌರಿ ನನ್ನ ಗಂಟಲಲ್ಲೇ ಇದ್ದಾಳೆ,
ಬಾಡಿಗೆ ಕೊಡದೆ, ಬಿಟ್ಟೂ ಹೋಗದೆ.

ಅಜ್ಜಿ ನೂಲುತ್ತಿದ್ದಳು. ಅಪ್ಪ ನೇಯುತ್ತಿದ್ದ.
ಅವಳು ಮಗ್ಗ ಮುಟ್ಟುವಂತಿಲ್ಲ, ಅವನು ರಾಟೆ.
ಹೊದ್ದುಕೊಂಡವರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ
ಕಂಬಳಿಯ ಯಾವ ಎಳೆ ಗಂಡು, ಯಾವುದು ಹೆಣ್ಣು ಅಂತ.
ಚುಚ್ಚುತ್ತಿತ್ತು. ಬೆಚ್ಚಗೂ ಇರುತ್ತಿತ್ತು.

ನಾಲ್ಕನೆಯ ದಿನ ಹೊರಳಿಸುವಾಗ ಬಿದ್ದಾನೆಂದು ಹೆದರಿ
ಗಟ್ಟಿಯಾಗಿ ಹಿಡಿದೆ. ಕೈ ಒರಟಾಯಿತು.
ಮರ್ವಿನ್ ಬೈದ. ಆಮೇಲೆ ನಿಧಾನಕ್ಕೆ, ಗೋಡೆಗೇ ಹೇಳುವಂತೆ:

"ಹಾಗಲ್ಲ ಮಾರಾಯ. ದಿನಕ್ಕೆ ನೂರೆಂಬತ್ತು ಕುರಿಯ
ಉಣ್ಣೆ ಇಳಿಸಿದವನು ನಾನು. ಹಿಡಿದರೆ ಒದೆಯುತ್ತೆ.
ಹಿಡಿಯಬಾರದು. ಕೂರಿಸಿ, ಮಂಡಿ ಮಡಿಸಿ,
ಅದರ ಬೆನ್ನು ನಿನ್ನ ತೊಡೆಗೆ ಒರಗೋಕೆ ಬಿಡು.
ಗೋಡೆ ಅಂದುಕೊಳ್ಳಬೇಕು ಅದು ನಿನ್ನನ್ನ,
ಉಸಿರಾಡೋ ಗೋಡೆ.
ಹೊಟ್ಟೆ ಹತ್ತಿರ ಚರ್ಮ ಕಾಗದದ ಹಾಗೆ.
ಅಲ್ಲಿ ಎಡಗೈ ಮುಂದೆ ಹೋಗಬೇಕು, ಬ್ಲೇಡು ಹಿಂದೆ.
ಎಳೆಮಗೂಗೆ ನೀರು ಹಾಕ್ತಾರಲ್ಲ, ಹಾಗೆ."

ನೀರು ಹಾಕಿದ್ದೀಯಾ, ಕೇಳಿದೆ.

"ಇಲ್ಲ. ಅದು ಹೆಂಡತಿ ಕೆಲಸ."
ಹೀಟರು ಟಿಕ್ಕೆಂದು ಆರಿತು.
"ನಾಲ್ಕು ಮಕ್ಕಳು. ಒಂದಕ್ಕೂ ಇಲ್ಲ."

ಮಂಚದ ಮೇಲೆ ಕೂತು ಮಂಡಿ ಮಡಿಸಿದೆ. ಆತ ಒರಗಿದ.
ಇಷ್ಟು ದೊಡ್ಡ ಸಿಟ್ಟಿನ ಮನುಷ್ಯ
ಒಂದು ಮೂಟೆ ಅಕ್ಕಿಯಷ್ಟೂ ಭಾರವಿಲ್ಲ.
ಎಡಗೈ ಮುಂದೆ, ಸ್ಪಂಜು ಹಿಂದೆ.
ಬೆನ್ನು, ಕಂಕುಳು, ಆಮೇಲೆ ಆ ಕಾಗದ.

ನನ್ನ ಭಾಷೆಯಲ್ಲಿ ಮಗು ಅವನಲ್ಲ, ಅವಳಲ್ಲ;
ಮಗು ಅಳುತ್ತದೆ, ಮಗು ನಕ್ಕಿತು, ಮಗು ಮಲಗಿತು.
ಹಣ್ಣಾದವರು ಅವರು, ಅಲ್ಲೂ ಗಂಡು ಹೆಣ್ಣಿನ ಗುರುತಿಲ್ಲ.
ನಡುವಿನ ಒಂದಷ್ಟು ವರ್ಷಕ್ಕೇ ಈ ಎಲ್ಲ ರಗಳೆ.
ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ತಿಳಿಯದೆ
ಕಿವಿಯ ಹಿಂದೆ ಒರೆಸಿದೆ.
ಗಂಟಲಲ್ಲಿದ್ದವಳು ಕೊಂಚ ಸರಿದು ಕೂತಳು.

ಮರ್ವಿನ್ ಕಣ್ಣು ಮುಚ್ಚಿಕೊಂಡಿದ್ದರು.
ಟವೆಲ್ಲು ಸುತ್ತುವಾಗ, ನನ್ನ ಕಡೆ ನೋಡದೆ ಕೇಳಿದರು:
"ನಾಳೆಯೂ ನಿನ್ನದೇ ಪಾಳಿಯಾ?"

ನಾಳೆ ನನಗೆ ರಜೆ.
ಹೌದು, ಅಂದೆ.