ಕೂಗಳತೆ

ಕೂಗಳತೆ ದೂರ ಅಂತಾರಲ್ಲ, ಅಷ್ಟೇ.
ವುಡ್‌ಲ್ಯಾಂಡ್ಸಿನ ಹನ್ನೊಂದನೇ ಮಹಡಿ, ಅಡುಗೆಮನೆ ಕಿಟಕಿ.
ಜಲಸಂಧಿಯಾಚೆ ಜೋಹೋರ್ ಬಾರು.
ಎರಡು ಕಟ್ಟಡಗಳ ಸಂದಿನಲ್ಲಿ, ಹಳದಿ ಟ್ಯಾಂಕಿನ ಎಡಕ್ಕೆ
ನಮ್ಮ ಮನೆ.
ಗುರುತಾಗಲೆಂದು ನೋರ್ಲಿಜಾ
ಬಾಲ್ಕನಿಗೆ ಕೆಂಪು ಚಾದರ ಇಳಿಬಿಟ್ಟಿದ್ದಾಳೆ.
ಬಿಸಿಲಿಗೆ ಬಣ್ಣ ಹಾರಿದೆಯಂತೆ.
ಈಗ ನನಗೆ ಕಾಣುವುದು ಕೆಂಪೋ,
ಕೆಂಪೆಂಬ ನೆನಪೋ.

ಮೊದಲು ಎರಡು ವಾರ ಅಂದರು.
ಮಾರ್ಚಿನ ಆ ರಾತ್ರಿ
ಎರಡು ಜೊತೆ ಯೂನಿಫಾರ್ಮು, ಒಂದು ಲುಂಗಿ, ಹಲ್ಲಿನ ಬ್ರಷ್ಷು
ಬೆನ್ನಿಗೆ ಕಟ್ಟಿಕೊಂಡು
ಕಡಲಿಗೆ ಕಟ್ಟಿದ ಏರಿಯ ಮೇಲೆ ಬೈಕಿನಲ್ಲಿ ಬಂದೆ,
ಸಾವಿರ ಬೈಕುಗಳ ನಡುವೆ.
ಬೈಕು ಕೆಳಗೇ ನಿಂತಿದೆ. ಸೀಟಿನಡಿ ಗುಬ್ಬಿ ಗೂಡು ಕಟ್ಟಿತ್ತು,
ಮರಿ ಹಾರಿಯೂ ಆಯಿತು.

ಮೂವರು ಡ್ರೈವರು, ಒಂದು ಕೋಣೆ.
ಬಾತು ಪಹಾಟಿನ ಸೆಂಗ್ ಹುವಾಟ್, ಕ್ಲುವಾಂಗಿನ ಕದಿರೇಸನ್, ನಾನು.
ಊರಿಗೆ ಹೋಗುವ ದಿನವನ್ನು ಕ್ಯಾಲೆಂಡರಿನಲ್ಲಿ
ಪೆನ್ಸಿಲಿನಿಂದಲೇ ಬರೆಯಬೇಕೆಂದು ಕಲಿಸಿದವನು ಕದಿರೇಸನ್.
ಪೆನ್ನಾದರೆ ಹೊಡೆದುಹಾಕಬೇಕು,
ಗೀಟು ಕಣ್ಣಿಗೆ ಚುಚ್ಚುತ್ತದೆ.
ಜೂನ್ ಹತ್ತು. ಅಳಿಸಿದೆವು.
ಆಗಸ್ಟ್, ತಾರೀಕಿಲ್ಲದೆ. ಅಳಿಸಿದೆವು.
ಆ ಚೌಕಗಳ ಕಾಗದ ಈಗ ಎಷ್ಟು ತೆಳ್ಳಗಿದೆಯೆಂದರೆ
ಹಿಂದಿನ ತಿಂಗಳು ಕಾಣುತ್ತದೆ.

ಬಾಗಿಲ ಮೇಲೆ ನಾಳೆ ಬಾ ಎಂದು ಬರೆದಂತೆ
ಗಡಿ ಕಚೇರಿಯ ಪ್ರಕಟಣೆ.
ದೆವ್ವದಷ್ಟೇ ವಿಧೇಯರು ನಾವು:
ಓದುತ್ತೇವೆ, ಹಿಂದಿರುಗುತ್ತೇವೆ,
ನಾಳೆ ಬರುತ್ತೇವೆ.

ಸೆಂಗ್ ಹುವಾಟ್ ಲೆಕ್ಕದಲ್ಲಿ ಗಟ್ಟಿಗ.
ನೂಡಲ್ಸ್ ಪೊಟ್ಟಣದ ಹಿಂಬದಿಯಲ್ಲಿ ಬರೆದ:
ರಜೆ ಇಪ್ಪತ್ತೊಂದು ದಿನ.
ಆಚೆ ಕ್ವಾರಂಟೈನು ಹದಿನಾಲ್ಕು, ಬಂದ ಮೇಲೆ ಈಚೆ ಹದಿನಾಲ್ಕು.
ಹೆಂಡತಿ ಮಕ್ಕಳ ಮುಖ ನೋಡಲು ಉಳಿಯುವುದು
ಮೈನಸ್ ಏಳು.
ನಕ್ಕೆವು, ಹೊಟ್ಟೆ ಹಿಡಿದು ನಕ್ಕೆವು.
ಮೈನಸ್ ಏಳು ದಿನ ಅಂದರೆ ಹಿಂದಕ್ಕೆ ಹೋಗೋದು ಕಣ್ರೋ ಅಂದ ಕದಿರೇಸನ್.
ಯಾವ ದಿನಕ್ಕೆ ಹೋಗುತ್ತೀರಿ?
ಅವನು ಅವ್ವನ ಕಣ್ಣಾಪರೇಶನ್ನಿನ ದಿನಕ್ಕೆ.
ಸೆಂಗ್ ಹುವಾಟ್ ಹೇಳಲಿಲ್ಲ, ದೀಪ ಆರಿಸಿದ.
ನಾನು ಗಡಿ ಮುಚ್ಚುವ ಹಿಂದಿನ ಬೆಳಗಿಗೆ.
ಕೆಲಸಕ್ಕೆ ಹೊರಟಾಗ ನಾಲ್ಕು ಗಂಟೆ, ಆಲಿಯಾ ನಿದ್ದೆಯಲ್ಲಿದ್ದಳು.
ಪಾಪ, ಮಲಗಲಿ ಅಂದುಕೊಂಡೆ.
ಎಬ್ಬಿಸುತ್ತಿದ್ದೆ.

ಏರಿಯ ಪಕ್ಕದಲ್ಲೇ ದಪ್ಪ ಕೊಳವೆಗಳಿವೆ,
ಜೋಹೋರಿನ ಹೊಳೆ ಅದರೊಳಗೆ ಈಚೆಗೆ ಬರುತ್ತದೆ.
ಬೆಳಗಿನ ಜಾವ ನಲ್ಲಿ ತಿರುಗಿಸುತ್ತೇನೆ.
ಮೊನ್ನೆ ಆಚೆಯಿದ್ದ ನೀರು,
ಮೂಗಿಗೆ ಕಡ್ಡಿಯಿಲ್ಲ, ಪಾಸ್‌ಪೋರ್ಟಿಗೆ ಮೊಹರಿಲ್ಲ,
ನೆಟ್ಟಗೆ ನನ್ನ ಬೊಗಸೆಗೆ.
ಅದರಲ್ಲೇ ವುಜೂ ಮಾಡುತ್ತೇನೆ.
ಮೊಣಕೈಯಿಂದ ಇಳಿದು
ಅದು ನನ್ನನ್ನು ಬಿಟ್ಟು ಕಡಲಿಗೆ ಹೋಗುತ್ತದೆ,
ಅಲ್ಲಿಂದ ಆಚೆ ದಡಕ್ಕೂ ಹೋಗಬಹುದು, ಯಾರು ಬಲ್ಲರು.

ಆಲಿಯಾಳ ಹಾಲುಹಲ್ಲುಗಳು ಬೆಂಕಿಪೊಟ್ಟಣದಲ್ಲಿವೆ.
ಅಪ್ಪ ಬಂದ ಮೇಲೆಯೇ ಎಸೆಯುವುದಂತೆ.
ಒಂದಿತ್ತು, ಎರಡಾಯಿತು, ಈಗ ನಾಲ್ಕು.
ಫೋನಿಗೆ ಹಿಡಿದು ಅಲ್ಲಾಡಿಸುತ್ತಾಳೆ, ಸದ್ದು ಕೇಳಿಸುತ್ತಾಳೆ.
ಮೊದಲನೆಯ ಜಾಗದಲ್ಲಿ ಆಗಲೇ
ಗರಗಸದಂಚಿನ ಹೊಸ ಹಲ್ಲು.
ಅದನ್ನು ಮಾತ್ರ ತೋರಿಸುವುದಿಲ್ಲ. ತುಟಿ ಮುಚ್ಚಿಕೊಂಡು ನಗುತ್ತಾಳೆ.

ಮೊದಲು ನನ್ನ ಬಸ್ಸು ಗಡಿ ದಾಟುತ್ತಿತ್ತು.
ಈಗ ತಪಾಸಣೆ ಕಟ್ಟೆಗೆ ಮುಂಚೆಯೇ ತಿರುಗುತ್ತದೆ.
ಊರಿನ ಬೋರ್ಡು ಬದಲಿಸಲು ಗುಂಡಿ ಒತ್ತುವಾಗ
ಹಳೆಯ ಹೆಸರು ಮಿಂಚಿ ಮರೆಯಾಗುತ್ತದೆ.
ನಿನ್ನೆ ಕೊನೆಯ ಟ್ರಿಪ್ಪು. ಖಾಲಿ ಬಸ್ಸು.
ಬೆರಳು ಅಲ್ಲೇ ನಿಂತಿತು.
ಜೋಹೋರ್ ಬಾರು, ಜೋಹೋರ್ ಬಾರು ಎಂದು
ಹಣೆಯ ಮೇಲೆ ಉರಿಸಿಕೊಂಡು
ಅರ್ಧ ನಿಮಿಷ ಕಡಲಿನ ಕಡೆ ಮುಖ ಮಾಡಿ ನಿಂತೆ.
ಆಮೇಲೆ ಉದ್ದಕ್ಕೆ ಹಾರ್ನ್ ಹೊಡೆದೆ,
ಒಮ್ಮೆ, ಮತ್ತೊಮ್ಮೆ.

ರಸ್ತೆ ಖಾಲಿಯಿತ್ತಲ್ಲ, ಯಾಕೆ ಹೊಡೆದೆ,
ಬರೆದುಕೊಡು ಅಂದ ಡಿಪೋ ಮೇಲ್ವಿಚಾರಕ.
ಬರೆದೆ:
ಬೆಕ್ಕು ಅಡ್ಡ ಬಂತು.